ಮನೆ ಮಂಜೂರಾಯಿತು, ಪಾಯಾಕ್ಕೆ ರೊಕ್ಕ ಎಲ್ಲಿ?

(ಗದಗದಲ್ಲಿ ಗ್ರಾಮ ಪಂಚಾಯಿತಿಗಳ ಸಿಬ್ಬಂದಿ ಮತ್ತು ಸ್ವಸಹಾಯ ಸಂಘದ ಮಹಿಳೆಯರ ಎದುರು ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸರಕಾರದ ಮನೆ ಅಂದ ಕೂಡಲೇ ನಮ್ಮ ಕಡೆ ಎರಡು ಮಾತು ಕೇಳಿಬರುತ್ತವೆ. ಒಂದು, ‘ರೊಕ್ಕ ತಿಂದ್ರು’. ಇನ್ನೊಂದು, ‘ಲಿಸ್ಟಿನ್ಯಾಗ ನಮ್ಮ ಹೆಸರು ಬರಲಿಲ್ಲ’. ಎರಡೂ ಸುಳ್ಳು ಅಂತ ನಾನೇನೂ ಹೇಳುವುದಿಲ್ಲ. ಆದರೆ ಇವತ್ತು ಅವನ್ನು ಬದಿಗಿಡುತ್ತೇನೆ. ಯಾರೂ ಒಂದು ಪೈಸೆ ತಿನ್ನಲಿಲ್ಲ, ಪಟ್ಟಿಯಲ್ಲಿ ಅರ್ಹರ ಹೆಸರೇ ಬಂತು ಅಂತ ಇಟ್ಟುಕೊಳ್ಳೋಣ. ಆಗಲೂ ಮನೆ ಯಾಕೆ ಏಳುವುದಿಲ್ಲ? ಎದ್ದ ಮೇಲೂ ಅದರಲ್ಲಿ ಜನ ಯಾಕೆ ಇರುವುದಿಲ್ಲ? ನಾನು ಎಂಜಿನಿಯರಾಗಿ ಇಂಥ ಮನೆಗಳ ಅಳತೆ ಹಿಡಿಯುತ್ತಲೇ ನಿವೃತ್ತನಾದವನು. ನನಗೆ ಕಂಡ ಉತ್ತರ ಇಷ್ಟು: ಸರಕಾರ ಗೋಡೆ, ಛಾವಣಿಗೆ ದುಡ್ಡು ಕೊಡುತ್ತದೆ, ಗೋಡೆಯ ಕೆಳಗಿನ ನೆಲಕ್ಕೂ ಮನೆಯ ಮುಂದಿನ ಗಟಾರಿಗೂ ಕೊಡುವಾಗ ಅದರ ಕೈ ತಡೆಯುತ್ತದೆ.

ಮೊದಲು ಲೆಕ್ಕ. ಪ್ರಧಾನಮಂತ್ರಿ ಆವಾಸ್ ಯೋಜನೆ ಹಳ್ಳಿಗೆ ಬಂದದ್ದು 2016ರಲ್ಲಿ. ಅದಕ್ಕೂ ಹಿಂದೆ, 1985ರಿಂದ ಇಂದಿರಾ ಆವಾಸ್ ಇತ್ತು. ಅದರ ಕೊನೆಯ ವರ್ಷಗಳಲ್ಲಿ ಬಯಲು ಸೀಮೆಯ ಮನೆಗೆ 70,000 ರೂಪಾಯಿ. 2016ರಲ್ಲಿ ಅದು 1.20 ಲಕ್ಷ ಆಯಿತು, ಗುಡ್ಡಗಾಡಿಗೆ 1.30 ಲಕ್ಷ. ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಇದರ ಜೊತೆ ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ. 2024-25ರ ದರ ದಿನಕ್ಕೆ 349 ರೂಪಾಯಿ, ಅಂದರೆ 31,410. ಶೌಚಾಲಯಕ್ಕೆ ಸ್ವಚ್ಛ ಭಾರತದಿಂದ 12,000. ಎಲ್ಲ ಕೂಡಿಸಿದರೆ 1,63,410 ರೂಪಾಯಿ. ಇಷ್ಟರಲ್ಲಿ ಕಡಿಮೆ ಅಂದರೂ 25 ಚದರ ಮೀಟರ್, ಸುಮಾರು 270 ಚದರಡಿಯ ಮನೆ ಆಗಬೇಕು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇನ್ನೂ 2 ಕೋಟಿ ಮನೆಗೆ ಒಪ್ಪಿಗೆ ಕೊಟ್ಟಿತು, ಆಗಲೂ 1.20 ಲಕ್ಷ ಹಾಗೇ ಉಳಿಯಿತು. ಆ ಎಂಟು ವರ್ಷದಲ್ಲಿ ಸಿಮೆಂಟು, ಕಬ್ಬಿಣ, ಉಸುಕು, ಗೌಂಡಿಯ ಪಗಾರ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಮನೆ ಕಟ್ಟಿಸಿದವರಿಗೆ ನಾನು ಹೇಳಬೇಕಾಗಿಲ್ಲ.

ರಾಜ್ಯದ್ದೇ ಆದ ಬಸವ ವಸತಿಯಲ್ಲೂ 1.20 ಲಕ್ಷ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ ಹಳ್ಳಿಗೆ 1.75 ಲಕ್ಷ. ಇವನ್ನೆಲ್ಲ ನೋಡಿಕೊಳ್ಳುವುದು 2000ದಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ.

ಈಗ ಇನ್ನೊಂದು ಅಂಕಿ ಕೇಳಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಉಕ್ಕಿದಾಗ ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿಯಲ್ಲಿ ಏನಾಯಿತು ಅಂತ ಇಲ್ಲಿ ಕೂತವರಲ್ಲಿ ಕೆಲವರು ಕಣ್ಣಾರೆ ಕಂಡಿದ್ದೀರಿ. ವಿಪತ್ತು ನಿಧಿಯ ನಿಯಮದಲ್ಲಿ ಪೂರ್ತಿ ಬಿದ್ದ ಮನೆಗೆ ಆಗ ಇದ್ದದ್ದು 95,100 ರೂಪಾಯಿ. ರಾಜ್ಯ ಸರಕಾರ ತನ್ನ ಕೈಯಿಂದ ಕೂಡಿಸಿ ಅದನ್ನು 5 ಲಕ್ಷ ಮಾಡಿತು. ಹಾನಿ ಎಷ್ಟಾಗಿದೆ ಅಂತ ನೋಡಿ ಎ, ಬಿ, ಸಿ ಅಂತ ಮನೆಗಳನ್ನು ವಿಂಗಡಿಸಿದ್ದು ನಿಮಗೆ ಗೊತ್ತೇ ಇದೆ. ಮುಂದಿನ ಮಳೆಗಾಲಗಳಲ್ಲಿ ಎ ಗೆ 5 ಲಕ್ಷ, ಬಿ ಗೆ 3 ಲಕ್ಷ, ಸಿ ಗೆ 50,000 ಅನ್ನುವ ಲೆಕ್ಕ ನಡೆಯಿತು.

ಒಳ್ಳೆಯ ತೀರ್ಮಾನ, ನನ್ನ ತಕರಾರಿಲ್ಲ. ಆದರೆ ಒಂದೇ ಓಣಿಯಲ್ಲಿ ಎರಡು ಕುಟುಂಬ ಇವೆ ಅಂದುಕೊಳ್ಳಿ. ಒಬ್ಬರ ಹಳೇ ಮನೆ ಮಳೆಗೆ ಬಿತ್ತು, ಆಗಿನ ಆ ಲೆಕ್ಕದಲ್ಲಿ ಅವರಿಗೆ 5 ಲಕ್ಷ. ಪಕ್ಕದವರಿಗೆ ಬೀಳಲು ಮನೆಯೇ ಇರಲಿಲ್ಲ, ತಗಡಿನ ಶೆಡ್ಡಿನಲ್ಲಿದ್ದರು, ಅವರಿಗೆ 1.20 ಲಕ್ಷ, ಅದೂ ಸರದಿ ಬಂದಾಗ. ಇಬ್ಬರೂ ಒಂದೇ ಅಂಗಡಿಯಲ್ಲಿ ಸಿಮೆಂಟು ತರಬೇಕು, ಒಬ್ಬನೇ ಗೌಂಡಿಯನ್ನು ಕರೆಯಬೇಕು. ಒಂದು ಸಾದಾ ಮನೆಗೆ ಎಷ್ಟು ಬೇಕು ಅಂತ ಸರಕಾರಕ್ಕೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. 5 ಲಕ್ಷ ಅಂತ ಅದೇ ಬರೆದುಕೊಟ್ಟಿದೆ. ಆವಾಸ್, ಬಸವ ವಸತಿಯಲ್ಲಿ ಮನೆಗೆ ಅದರ ಕಾಲು ಭಾಗಕ್ಕಿಂತ ಕಡಿಮೆ ಕೊಟ್ಟು, ಮಿಕ್ಕದ್ದನ್ನು ಬಡವ ತರಲಿ ಅನ್ನುತ್ತದೆ. ಎಲ್ಲಿಂದ ತರುತ್ತಾನೆ? ಗಂಟಲಮಟ್ಟ ಬಡ್ಡಿಯ ಸಾಲದಿಂದ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲಗಳಲ್ಲಿ ಎಷ್ಟು ಸಾಲ ಅರ್ಧಕ್ಕೆ ನಿಂತ ಮನೆಯ ಸ್ಲ್ಯಾಬಿಗೆ ಹೋಗಿತ್ತು ಅಂತ ಸಂಘದ ಅಕ್ಕಂದಿರನ್ನು ಕೇಳಿದರೆ ಹೇಳುತ್ತಾರೆ. 1905ರಲ್ಲಿ ಇಲ್ಲೇ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಾಲದ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು. ಬಿತ್ತನೆಗೆ ಸಂಘ ಸಾಲ ಕೊಡುತ್ತದೆ. ಬಡವನ ಮನೆಗೆ ಕೊಡುವ ಸಂಘ ಎಷ್ಟಿವೆ?

ಇನ್ನು ನೆಲದ ಮಾತು. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಬೆಂಗಳೂರಿನಲ್ಲಿ ಕೂತು ಆದೇಶ ಬರೆಯುವವರಿಗೆ ಇದು ಕಾಣುವುದೇ ಇಲ್ಲ.

ಮುಂಡರಗಿ, ಶಿರಹಟ್ಟಿಯ ಕಡೆ, ಕಪ್ಪತಗುಡ್ಡದ ಸುತ್ತ ಮಸಾರಿ, ಅಂದರೆ ಕೆಂಪು ನೆಲ ಇದೆ. ಅಲ್ಲಿ ಪಾಯಾ ತೆಗೆದರೆ ಬೇಗ ಗಟ್ಟಿ ನೆಲ ಹತ್ತುತ್ತದೆ. ನರಗುಂದ, ರೋಣ, ನವಲಗುಂದ, ಗದಗ ತಾಲ್ಲೂಕಿನ ಅರ್ಧ ಭಾಗ ಎರೆ, ಅಂದರೆ ಕಪ್ಪು ಮಣ್ಣು. ಎರೆಯ ಗುಣ ರೈತರಿಗೆ ಗೊತ್ತು: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಸಿದರೆ ಮೊಳಕೈ ತನಕ ಹೋಗುತ್ತದೆ. ಅದೇ ನೆಲದ ಮೇಲೆ ಮನೆ ಕೂತರೆ ಮಳೆಗಾಲದಲ್ಲಿ ಒಂದು ಮೂಲೆ ಏಳುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಮೂರನೇ ವರ್ಷಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು. ಗೌಂಡಿಯನ್ನು ಬೈಯುತ್ತಾರೆ. ಗೌಂಡಿಯ ತಪ್ಪು ಎಷ್ಟೋ ಸಲ ಇರುವುದಿಲ್ಲ.

ಇದಕ್ಕೆ ಮದ್ದು ಇದೆ. ಬಿರಿಯುವ ಪದರ ದಾಟುವ ತನಕ ಅಗೆಯಬೇಕು, ಪಾಯಾದ ಕೆಳಗೂ ಪಕ್ಕಕ್ಕೂ ಎರೆ ತೆಗೆದು ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ತುಂಬಿ ದಮ್ಮಸ್ಸು ಹಾಕಬೇಕು, ಮೇಲೆ ಸುತ್ತಲೂ ಕಬ್ಬಿಣ ಹಾಕಿದ ಪ್ಲಿಂತ್ ಬೀಮು ಕಟ್ಟಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ತಳದಲ್ಲಿ ಗಡಿಗೆಯ ಹಾಗೆ ಉಬ್ಬಿದ ಕಂಬಗಳನ್ನು ನೆಲಕ್ಕೆ ಇಳಿಸುವ ವಿಧಾನವನ್ನು ಇಂಥ ಮಣ್ಣಿಗಾಗಿಯೇ ರೂಪಿಸಿದ್ದಾರೆ. ಎಲ್ಲಕ್ಕೂ ದುಡ್ಡು ಬೇಕು. ಗರಸು ದೂರದಿಂದ ಟ್ರ್ಯಾಕ್ಟರಿನಲ್ಲಿ ಬರಬೇಕು. ಮಸಾರಿಯಲ್ಲಿ ಸಾದಾ ಪಾಯಾಕ್ಕೆ ಆಗುವ ಖರ್ಚಿನಲ್ಲಿ ಎರೆಯ ಪಾಯಾ ನೆಲದ ಮಟ್ಟಕ್ಕೂ ಬರುವುದಿಲ್ಲ. ಆದರೆ ಆದೇಶದಲ್ಲಿ ಗುಡ್ಡಗಾಡು ಇದೆ, ದುರ್ಗಮ ಪ್ರದೇಶ ಇದೆ. ಎರೆ ಭೂಮಿ ಅನ್ನುವ ಕಾಲಂ ಇಲ್ಲ. ಶಿರಹಟ್ಟಿಗೂ 1.20, ನರಗುಂದಕ್ಕೂ 1.20.

ಇನ್ನು ಕಂತು. ರಾಜ್ಯದ ಯೋಜನೆಗಳಲ್ಲಿ ನಾಲ್ಕು ಹಂತ: ಪಾಯಾ, ಲಿಂಟಲ್, ಛಾವಣಿ, ಪೂರ್ಣ. ಪ್ರತಿ ಹಂತ ಮುಗಿದ ಮೇಲೆ ಫೋಟೊ ತೆಗೆದು ಜಿಪಿಎಸ್ ಮಾಡುತ್ತಾರೆ, ಆಮೇಲೆ ಬಿಲ್ಲು. ಅಂದರೆ ಮೊದಲ ಕಂತು ಬರುವುದು ಪಾಯಾ ಮುಗಿದ ಮೇಲೆ. ಇದನ್ನು ಒಬ್ಬ ಅಮ್ಮನಿಗೆ ನಾನು ತಿಳಿಸಿ ಹೇಳುತ್ತಿದ್ದಾಗ ಆಕೆ ನನ್ನ ಮುಖ ನೋಡಿ, ‘ಸಾಹೇಬ್ರ, ಪಾಯಾ ಹಾಕಾಕ ನಮ್ಮ ಕಡೆ ರೊಕ್ಕ ಇದ್ದಿದ್ರ ನಿಮ್ಮ ಆಫೀಸಿಗೆ ಯಾಕ ತಿರಗತಿದ್ವಿ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಎರೆ ಭೂಮಿಯಲ್ಲಿ ಪಾಯಾವೇ ಎಲ್ಲಕ್ಕಿಂತ ದುಬಾರಿ ಹಂತ, ಆ ಹಂತಕ್ಕೇ ಮುಂಗಡ ಇಲ್ಲ. ನಿಗದಿಪಡಿಸಿದ ಅವಧಿಯೊಳಗೆ ಪಾಯಾ ಹಾಕದಿದ್ದರೆ ಮನೆ ‘ಬ್ಲಾಕ್’, ಅಂದರೆ ಮಂಜೂರಾತಿಗೇ ತಡೆ. ಮಂಜೂರಾತಿ ಆಷಾಢದಲ್ಲಿ ಬಂದರಂತೂ ಮುಗಿಯಿತು. ನಮ್ಮವರು ಆಷಾಢದಲ್ಲಿ ಗುದ್ದಲಿ ಹಿಡಿಯುವುದಿಲ್ಲ, ಎರೆಯಲ್ಲಿ ಆಗ ಅಗೆದರೂ ಕುಣಿಯ ತುಂಬ ನೀರು. ಬ್ಲಾಕ್ ತಪ್ಪಿಸಿಕೊಳ್ಳಲು ಜನ ಏನು ಮಾಡುತ್ತಾರೆ ಅಂತ ನಿಮಗೇ ಗೊತ್ತು. ಗೇಣುದ್ದ ಅಗೆದು, ನಾಲ್ಕು ಸಾಲು ಕಲ್ಲು ಇಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಅದರ ಮೇಲೇ ಗೋಡೆ ಏಳುತ್ತದೆ. ನಿಯಮವೇ ಕೆಟ್ಟ ಪಾಯಾವನ್ನು ಹಾಕಿಸಿದ ಹಾಗಾಯಿತು.

ಮನೆ ಬಿಟ್ಟು ಹೊರಗೆ ಬನ್ನಿ. ದೇವರಾಜ ಅರಸರ ಕಾಲದ ಜನತಾ ಪ್ಲಾಟು, 1990ರ ದಶಕದ ಆಶ್ರಯ ಪ್ಲಾಟು ನಮ್ಮ ಬಹುತೇಕ ಊರುಗಳಲ್ಲಿ ಇವೆ. ಬಹಳ ಕಡೆ ಅವು ಊರಿನ ತಗ್ಗಿನಲ್ಲಿ, ಹಳ್ಳದ ಬದಿಗೆ, ಸ್ಮಶಾನದ ಆಚೆಗೆ. ಕಾರಣ ಸರಳ: ಪಂಚಾಯಿತಿಯ ಕೈಯಲ್ಲಿ ಉಳಿದದ್ದು ಅಂಥ ಗಾಯರಾಣವೇ (ಗೋಮಾಳವೇ). ಪ್ಲಾಟು ಹಂಚಿದ ದಿನ ಸುಣ್ಣದ ಗೆರೆ ಎಳೆದು ಕಲ್ಲು ನೆಡುತ್ತಾರೆ. ರಸ್ತೆ ಮುಂದೊಂದು ವರ್ಷ, ಬೇರೊಂದು ಲೆಕ್ಕಶೀರ್ಷಿಕೆಯಲ್ಲಿ. ನೀರು ಮತ್ತೊಂದು ಇಲಾಖೆ. ಕಂಬ ಹೆಸ್ಕಾಂ. ಗಟಾರು ಕೊನೆಗೆ, ಬಂದರೆ. ಕೇಂದ್ರದ ಮಾರ್ಗಸೂಚಿಯಲ್ಲಿ ಇವನ್ನೆಲ್ಲ ‘ಒಗ್ಗೂಡಿಸುವಿಕೆ’ ಅಂತ ಚೆಂದವಾಗಿ ಬರೆದಿದ್ದಾರೆ. ಒಗ್ಗೂಡಿಸುವ ಕೆಲಸ ಯಾರದ್ದು, ಅದಕ್ಕೆ ದುಡ್ಡು ಯಾವುದು ಅನ್ನುವಲ್ಲಿ ಮಾತು ಮೆತ್ತಗಾಗುತ್ತದೆ.

ಜಲಜೀವನ್ ಮಿಷನ್ ನೋಡಿ. 2019ರ ಆಗಸ್ಟ್ 15ರಂದು ಘೋಷಣೆ ಆಯಿತು. ತಲೆಗೆ ದಿನಕ್ಕೆ 55 ಲೀಟರ್ ನೀರು, ಖರ್ಚು ಕೇಂದ್ರ ಮತ್ತು ರಾಜ್ಯ ಸಮಪಾಲು. ಯೋಜನೆ ಒಳ್ಳೆಯದು. ಆದರೆ ಎಷ್ಟು ಊರಲ್ಲಿ ಹಿಂದಿನ ವರ್ಷ ಹಾಕಿದ ಸಿಸಿ ರಸ್ತೆಯನ್ನು ಪೈಪಿಗಾಗಿ ಒಡೆದರು! ಒಡೆದ ಜಾಗದಲ್ಲಿ ಎರೆ ತುಂಬಿ ಹೋದರು, ಮಳೆಗೆ ಅದು ಕುಸಿಯಿತು. ನೀರು ಮನೆಗೆ ಬಂತು; ಬಳಸಿದ ನೀರು ಎಲ್ಲಿಗೆ ಹೋಗಬೇಕು? ‘ಇಂಗುಗುಂಡಿ ಮಾಡ್ರಿ’ ಅಂದರು. ಎರೆಯಲ್ಲಿ ಇಂಗುಗುಂಡಿ ಇಂಗುವುದಿಲ್ಲ, ತುಂಬಿ ನಿಲ್ಲುತ್ತದೆ. ನಿಂತ ನೀರು ಪಾಯಾದ ಪಕ್ಕದ ಎರೆಯನ್ನು ಉಬ್ಬಿಸುತ್ತದೆ, ಗೋಡೆ ಬಿರಿಯುತ್ತದೆ. ನಳ ಕೊಟ್ಟು ಗಟಾರು ಕೊಡದಿದ್ದರೆ ಎರೆ ಸೀಮೆಯಲ್ಲಿ ಮನೆಗೇ ಪೆಟ್ಟು. ನರಗುಂದ ಪಟ್ಟಣದಲ್ಲಿ ಓಣಿಯ ನೆಲ, ಮನೆಯೊಳಗಿನ ನೆಲ ಇದ್ದಕ್ಕಿದ್ದಂತೆ ಕುಸಿದ ಸುದ್ದಿ ನೀವು ಓದಿದ್ದೀರಿ. ಕೆಳಗೆ ಕಾಳು ಕೂಡಿಡುತ್ತಿದ್ದ ಹಳೆಯ ನೆಲಗುಂಡಿಗಳು, ಅಂದರೆ ಹಗೇವುಗಳು, ಅದರ ಮೇಲೆ ಏರಿದ ನೀರು. ನೆಲದ ಒಳಗೆ ನೀರು ಹೇಗೆ ಓಡಾಡುತ್ತದೆ ಅಂತ ತಿಳಿಯದೆ ಮನೆಗೆ ಹಣ ಕೊಡುವುದು ಅರ್ಧ ಕೆಲಸ.

ಇನ್ನು ನವಗ್ರಾಮ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕ ಮುಳುಗಿದ ಮೇಲೆ ದಾನಿಗಳ ನೆರವಿನಿಂದ ‘ಆಸರೆ’ ಮನೆಗಳು ಎದ್ದವು. ಹೊಳೆಸಾಲಿನ ಊರುಗಳನ್ನು ಎತ್ತರದ ಜಾಗಕ್ಕೆ ಎಬ್ಬಿಸುವ ಯೋಚನೆ. ಇದರಲ್ಲಿ ದುಡ್ಡಿನ ಕೊರತೆ ಅಷ್ಟಾಗಿ ಇರಲಿಲ್ಲ. ಮನೆಗಳು ಸಾಲಾಗಿ ನಿಂತವು. ಆದರೂ ಎಷ್ಟೋ ಕಡೆ ಕದ ಮುರಿದು, ಜಾಲಿ ಬೆಳೆದು ಖಾಲಿ ಬಿದ್ದವು. ಜನ ಹಳೇ ಊರಿಗೇ ತಿರುಗಿ ಹೋದರು. 2019ರಲ್ಲಿ ಮತ್ತೆ ನೀರು ಬಂದಾಗ ಹಳೇ ಊರಿನಲ್ಲೇ ಇದ್ದರು.

ಆಗ ಪೇಟೆಯ ಮಂದಿ ಅಂದದ್ದು, ‘ಮನೆ ಕೊಟ್ಟರೂ ಹೋಗುವುದಿಲ್ಲ, ಇವರಿಗೆ ಪರಿಹಾರದ ಚಟ’. ಈ ಮಾತು ನನಗೆ ಸಿಟ್ಟು ತರಿಸುತ್ತದೆ. ಒಂದು ಒಕ್ಕಲುತನದ ಮನೆಯಲ್ಲಿ ಏನೇನು ಇರುತ್ತದೆ ಎಣಿಸಿ: ಎರಡು ಎತ್ತು, ಒಂದು ಎಮ್ಮೆ, ಹೊಟ್ಟು, ಕಣಿಕೆ, ಗಳೆ ಸಾಮಾನು, ಹೊಲದಿಂದ ಬಂದ ಶೇಂಗಾ ಇಲ್ಲವೆ ಕಡಲೆಯ ಚೀಲ. ನವಗ್ರಾಮದ ಮನೆಯಲ್ಲಿ ಒಂದು ಖೋಲಿ, ಒಂದು ಅಡುಗೆಮನೆ. ದನ ಎಲ್ಲಿ ಕಟ್ಟಬೇಕು? ಪಡಸಾಲಿ ಎಲ್ಲಿ? ಹೊಲ ಹೊಳೆಯ ದಂಡೆಗೆ, ಮನೆ ದೂರದ ದಿನ್ನೆಗೆ. ಹಲವರಿಗೆ ವರ್ಷಗಟ್ಟಲೆ ಹಕ್ಕುಪತ್ರ ಕೈಗೆ ಬರಲಿಲ್ಲ. ತನ್ನದು ಅಂತ ಕಾಗದ ಇಲ್ಲದ ಮನೆಗೆ ಯಾರು ಸುಣ್ಣ ಬಳಿಯುತ್ತಾರೆ? ಹಳೇ ಊರಿನಲ್ಲಿ ಗುಡಿ ಇದೆ, ಶಾಲೆ ಇದೆ, ಹಿಟ್ಟಿನ ಗಿರಣಿ ಇದೆ, ಬಸ್ಸು ನಿಲ್ಲುತ್ತದೆ. ಜನ ಲೆಕ್ಕ ಹಾಕಿಯೇ ತಿರುಗಿ ಹೋದರು. ವರ್ಷಕ್ಕೊಮ್ಮೆ ಬರಬಹುದಾದ ನೀರಿಗಿಂತ ದಿನದಿನದ ಬದುಕು ದೊಡ್ಡದು. ಬೆಟಗೇರಿ, ಗಜೇಂದ್ರಗಡದ ನೇಕಾರರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: ಮಗ್ಗ ಹಿಡಿಸದ ಮನೆ ಅವರಿಗೆ ಮಲಗುವ ಜಾಗ ಅಷ್ಟೆ.

ಪಟ್ಟಣಗಳ ವಿಷಯ ಬಂತು, ಬೇಗ ಹೇಳಿ ಮುಗಿಸುತ್ತೇನೆ. ಮುಳಗುಂದ, ನರೇಗಲ್ ಪಟ್ಟಣ ಪಂಚಾಯಿತಿಗಳು. ಅಲ್ಲಿ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ನಗರದ ಆವಾಸ್ ಯೋಜನೆಯಲ್ಲಿ ಕೇಂದ್ರದ ಪಾಲೇ 1.50 ಲಕ್ಷ. ಪಕ್ಕದ ಹಳ್ಳಿಯಲ್ಲಿ 1.20 ಲಕ್ಷದ 60 ಪಾಲು, ಅಂದರೆ 72,000. ಎರೆ ಅದೇ, ಉಸುಕಿನ ಬೆಲೆ ಅದೇ. ಹಾಗಂತ ಪಟ್ಟಣದವರು ಸುಖವಾಗಿಲ್ಲ. ಅವರಿಗೆ ಉದ್ಯೋಗ ಖಾತ್ರಿಯ ಕೂಲಿ ಇಲ್ಲ, ಫಲಾನುಭವಿಯ ಆಯ್ಕೆ ಗ್ರಾಮಸಭೆಯಲ್ಲಿ ಆಗುವುದಿಲ್ಲ, ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ ಆಗುತ್ತದೆ. ಅದು ಹೆಸರಿಗೆ ಪಟ್ಟಣ, ಬದುಕು ಒಕ್ಕಲುತನದ್ದೇ.

ಗಜೇಂದ್ರಗಡದಿಂದ ಕುಷ್ಟಗಿಯ ಕಡೆ ಹೊರಟರೆ ಕೊಪ್ಪಳ ಜಿಲ್ಲೆ. ಆ ಕಡೆಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಇದೆ, ಕಲ್ಯಾಣ ಕರ್ನಾಟಕ ಮಂಡಳಿಯ ಹಣದಿಂದ ರಸ್ತೆ, ಶಾಲೆ, ನೀರಿನ ಕೆಲಸ ನಡೆಯುತ್ತವೆ. ಈ ಕಡೆಗೆ 2021ರಲ್ಲಿ ಕಿತ್ತೂರು ಕರ್ನಾಟಕ ಅನ್ನುವ ಹೆಸರು ಬಂತು, 371(ಜೆ) ಬರಲಿಲ್ಲ. ಕೊಪ್ಪಳದವರಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರು ನಮಗಿಂತ ಹಿಂದೆ ಉಳಿದವರು. ಆದರೆ 2002ರಲ್ಲಿ ನಂಜುಂಡಪ್ಪ ಸಮಿತಿ ಹಿಂದುಳಿದ 114 ತಾಲ್ಲೂಕು ಗುರುತಿಸಿದಾಗ ತಾಲ್ಲೂಕನ್ನೇ ಅಳತೆಗೋಲು ಮಾಡಿತ್ತು. ವಸತಿಯ ಹಣವನ್ನೂ ತಾಲ್ಲೂಕಿನ ನೆಲ, ಮಳೆ, ಬಡತನ ನೋಡಿ ಹಂಚಲು ಯಾವ ಸಂವಿಧಾನ ತಿದ್ದುಪಡಿಯೂ ಬೇಕಿಲ್ಲ.

ಹಾಗಾದರೆ ನಾನು ಕೇಳುವುದೇನು? ಹೊಸ ಯೋಜನೆ ಬೇಡ, ಇದ್ದ ಹೆಸರುಗಳೇ ಸಾಕಷ್ಟಿವೆ. ಎರೆ ಭೂಮಿಯ ತಾಲ್ಲೂಕುಗಳಿಗೆ ಪಾಯಾದ ಹಣ ಬೇರೆಯಾಗಿ ಸಿಗಲಿ, ಅದೂ ಮುಂಗಡವಾಗಿ, ಎಂಜಿನಿಯರ್ ಕುಣಿ ನೋಡಿ ಸಹಿ ಹಾಕಿದ ಮೇಲೆ. ಹೊಸ ಪ್ಲಾಟು ಹಂಚುವ ಮೊದಲೇ ಪೈಪು, ಗಟಾರು, ರಸ್ತೆ, ಈ ಕ್ರಮದಲ್ಲಿ, ಒಂದೇ ಆದೇಶದಲ್ಲಿ ಬರಲಿ. ಹೋದ ವರ್ಷಕ್ಕಿಂತ ಈ ವರ್ಷ ಮನೆಗಳ ಸಂಖ್ಯೆ ಕಡಿಮೆಯಾದರೂ ನಡೆದೀತು. ಈ ಮಾತಿಗೆ ರಾಜಕೀಯದವರು ಒಪ್ಪುವುದಿಲ್ಲ, ಅವರಿಗೆ ವೇದಿಕೆಯ ಮೇಲೆ ಹೇಳಲು ಸಂಖ್ಯೆ ಬೇಕು.

ಆದೇಶ ಬರುವ ತನಕ ನಿಮ್ಮ ಕೈಯಲ್ಲಿ ಏನೂ ಇಲ್ಲ ಅನ್ನಬೇಡಿ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಅದರಲ್ಲಿ ಆಶ್ರಯ ಪ್ಲಾಟಿನ ಗಟಾರಿಗೆ ಎಷ್ಟು ಹೋಯಿತು, ಊರ ನಡುವಿನ ಓಣಿಗೆ ಎಷ್ಟು ಹೋಯಿತು ಅಂತ ನಿಮ್ಮ ನಿಮ್ಮ ಕ್ರಿಯಾಯೋಜನೆ ತೆಗೆದು ನೋಡಿ. ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು.

ಪ್ರಶ್ನೆಗಳು

ಒಬ್ಬ ಹಿರಿಯರು ಕೇಳಿದ್ದು: ‘ನಮ್ಮದು ಮಾಳಗಿ ಮನಿ. ಗೋಡಿ ಗಟ್ಟಿ ಐತಿ, ಮ್ಯಾಲ ಸೋರತೈತಿ. ರಿಪೇರಿಗೆ ಯಾಕ ರೊಕ್ಕ ಇಲ್ಲರೀ?’

ಇಂದಿರಾ ಆವಾಸ್‌ನಲ್ಲಿ ಹಣದ ಒಂದು ಪಾಲನ್ನು ಕಚ್ಚಾ ಮನೆ ಸುಧಾರಿಸಲು ಬಳಸಲು ಅವಕಾಶ ಇತ್ತು ಅಜ್ಜಾರ. ಈಗ ಹೊಸ ಮನೆಗೆ ಮಾತ್ರ. ಇದು ನನಗೆ ಸರಿ ಕಾಣುವುದಿಲ್ಲ. ಮೇಲೆ ಮಣ್ಣು ಹೊದಿಸಿದ ನಮ್ಮ ಮಾಳಗಿ ಮನೆ ಬೇಸಿಗೆಗೆ ತಂಪು, ಎರೆಯ ಏರಿಳಿತವನ್ನು ಇಟ್ಟಿಗೆ ಗೋಡೆಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಅದು ಬೀಳುವುದು ಮೇಲಿನ ಮಣ್ಣು ವರ್ಷ ವರ್ಷ ನೋಡಿಕೊಳ್ಳದೆ, ತೊಲೆ ಜಂತಿ ಲಡ್ಡಾಗಿ. ಮೊದಲು ಮಳೆಗಾಲಕ್ಕೆ ಮುಂಚೆ ಕರಲ ಮಣ್ಣು ಹಾಕುವವರಿದ್ದರು, ಈಗ ಆಳೂ ಇಲ್ಲ, ಮಣ್ಣೂ ಇಲ್ಲ. ಒಂದು ಲಕ್ಷದೊಳಗೆ ಜಂತಿ ಬದಲಿಸಿ ಮೇಲೆ ತಗಡು ಹೊದಿಸಿದರೆ ಇನ್ನೊಂದು ತಲೆಮಾರು ಬಾಳುವ ಮನೆಗಳು ಎಷ್ಟೋ ಇವೆ. ಅವು ಬೀಳುವ ತನಕ ಕಾದು ಆಮೇಲೆ ಪರಿಹಾರ ಕೊಡುತ್ತೇವೆ.

ಸಂಘದ ಒಬ್ಬ ತಂಗಿ ಕೇಳಿದ್ದು: ‘ಮನಿ ಹೆಣ್ಮಕ್ಕಳ ಹೆಸರೀಲೆ ಅಂತಾರ. ಜಾಗಾದ ಉತಾರ ಮಾವನ ಹೆಸರೀಲೆ ಐತಿ. ಮೂರು ಮಂದಿ ಅಣ್ಣತಮ್ಮರು, ವಾಟ್ನಿ ಆಗಿಲ್ಲ. ಏನ್ ಮಾಡಬೇಕ್ರಿ ಸರ್?’

ಇದೇ ಎಲ್ಲರ ಮನೆಯ ಕತೆ ತಂಗೀ. ಮಂಜೂರಾದ ಮೇಲೆ ಓಡಾಡಿದರೆ ಅವಧಿ ಮುಗಿಯುತ್ತದೆ, ಆದ್ದರಿಂದ ಅರ್ಜಿಗಿಂತ ಮೊದಲು ಉತಾರ, ಅಂದರೆ ಜಾಗದ ದಾಖಲೆ. ಮಾವ ಇದ್ದಾರೆ ಅಂದರೆ ಮೂವರೂ ಕೂತು ವಾಟ್ನಿ ಪತ್ರ (ಆಸ್ತಿ ಪಾಲಿನ ಪತ್ರ) ಮಾಡಿ ನೋಂದಾಯಿಸಿ, ಇಲ್ಲವೆ ನಿಮ್ಮ ಪಾಲಿನ ಜಾಗವನ್ನು ದಾನಪತ್ರ ಮಾಡಿಸಿಕೊಳ್ಳಿ. ಅದನ್ನು ಹಿಡಿದು ಪಂಚಾಯಿತಿಯಲ್ಲಿ ಇ-ಸ್ವತ್ತಿಗೆ, ಅಂದರೆ ಕಂಪ್ಯೂಟರಿನ ಆಸ್ತಿ ದಾಖಲೆಗೆ ಹಾಕಿ. ಗಾಂವಠಾಣದ (ಊರಿನ ವಸತಿ ಎಲ್ಲೆಯ) ಒಳಗಿದ್ದರೆ ಫಾರ್ಮ್ 9 ಸಿಗುತ್ತದೆ, ಹೊರಗಿದ್ದರೆ 11ಬಿ. ನಿಮ್ಮ ಊರಲ್ಲಿ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ ಆಗಿದ್ದರೆ ಆ ನಕಾಶೆಯಲ್ಲಿ ನಿಮ್ಮ ಜಾಗ ಯಾರ ಹೆಸರಿಗೆ ಬಂದಿದೆ ಅಂತ ಮೊದಲೇ ನೋಡಿಕೊಳ್ಳಿ, ತಪ್ಪಿದ್ದರೆ ಆಗಲೇ ತಕರಾರು ಬರೆದುಕೊಡಿ. ಸರಕಾರಿ ಜಾಗದಲ್ಲಿ ಕಟ್ಟಿಕೊಂಡವರಾದರೆ ದಾರಿ ಬೇರೆ, ಭೂ ಕಂದಾಯ ಕಾಯ್ದೆಯ 94ಸಿ ಅಡಿ ಅರ್ಜಿ ತಹಶೀಲ್ದಾರರಿಗೆ. ತಾಂಡಾದವರಾದರೆ 94ಡಿ. ಕಾಗದ ಕೊಟ್ಟ ದಿನ ಸ್ವೀಕೃತಿ ಚೀಟಿ ಇಸಿದುಕೊಳ್ಳದೆ ಆಫೀಸಿನಿಂದ ಹೊರಗೆ ಬರಬೇಡಿ.